ಬಾಲಮ್‌ನ ಭಿಶಿ

ದಕ್ಷಿಣ ಲಂಡನ್ನಿನ ಬಾಲಮ್‌ನಲ್ಲಿ ನಮ್ಮ ಮನೆ. ಪಕ್ಕದ ಮನೆಯಲ್ಲಿ ಜಮೈಕಾದಿಂದ ಬಂದ ಅಜ್ಜಿ ಒಬ್ಬರೇ ಇದ್ದಾರೆ, ಎಂಬತ್ತು ದಾಟಿದೆ. ನಾನು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ಭಾನುವಾರಗಳಂದು ಅವರು ಹ್ಯಾಟು ತೊಟ್ಟು ಚರ್ಚಿಗೆ ಹೊರಟಿರುತ್ತಾರೆ. ಸಂಜೆ ನಮ್ಮ ಬಾಗಿಲಿಗೆ ಒಂದು ಡಬ್ಬಿ ಬರುತ್ತದೆ. ತೆಂಗಿನಹಾಲಿನಲ್ಲಿ ರಾಜ್ಮಾ ಹಾಕಿ ಬೇಯಿಸಿದ ಅನ್ನ.

ಒಮ್ಮೆ ಡಬ್ಬಿ ಹಿಂದಿರುಗಿಸಲು ಹೋದಾಗ ಅವರ ಅಡುಗೆಮನೆಯ ಮೇಜಿನ ಮೇಲೆ ಹಳೆಯ ನೋಟ್‌ಬುಕ್ಕೊಂದು ತೆರೆದಿತ್ತು. ಹೆಸರು, ವಾರ, ಮೊತ್ತ, ಪಕ್ಕದಲ್ಲಿ ರೈಟ್ ಗುರುತು. ಗದಗಿನ ನಮ್ಮ ಓಣಿಯಲ್ಲಿ ಅವ್ವ ನಡೆಸುತ್ತಿದ್ದ ಭಿಶಿಯ ಪುಸ್ತಕವೇ ಕಣ್ಣಿಗೆ ಬಂತು. ಬೆಂಗಳೂರಿನವರು ಚೀಟಿ ಅಂದುಕೊಳ್ಳಿ. ಜಮೈಕಾದವರು ಇದನ್ನು ‘ಪಾರ್ಡ್ನರ್’ ಅನ್ನುತ್ತಾರೆ. ಪ್ರತಿಯೊಬ್ಬರೂ ಹಾಕುವ ಕಂತಿಗೆ ‘ಹ್ಯಾಂಡ್’ ಎಂದು ಹೆಸರು, ಸರದಿ ಬಂದಾಗ ಎತ್ತುವುದಕ್ಕೆ ‘ಡ್ರಾ’. ಕೂಗುವುದು, ಹರಾಜು ಏನೂ ಇಲ್ಲ. ಎಲ್ಲರ ದುಡ್ಡು ಹಿಡಿದುಕೊಳ್ಳುವ ಒಬ್ಬರ ಮೇಲಿನ ನಂಬಿಕೆಯಿಂದಲೇ ಎಲ್ಲ ನಡೆಯುತ್ತದೆ.

ಈ ಪುಸ್ತಕ ಅಜ್ಜಿಯ ಕೈಗೆ ಬಂದ ದಾರಿ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗು ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳ ಜನರನ್ನು ಲಂಡನ್ ಬಳಿಯ ಟಿಲ್‌ಬರಿ ಬಂದರಿಗೆ ತಂದಿತು. ಕಾಲೂರಲು ಜಾಗವಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಇರಿಸಿದ್ದು ಕ್ಲಾಪಮ್ ಸೌತ್‌ನ ನೆಲದಡಿಯ ಯುದ್ಧಕಾಲದ ಆಶ್ರಯತಾಣದಲ್ಲಿ. ಬಾಲಮ್‌ನಿಂದ ಅದು ಒಂದೇ ಸ್ಟೇಷನ್, ನಾನು ದಿನಾ ಅದರ ಮೇಲೆಯೇ ಓಡಾಡುತ್ತೇನೆ. ಮುಂದಿನ ವರ್ಷಗಳಲ್ಲಿ ಬಂದವರಿಗೂ ಬಾಡಿಗೆ ಮನೆ ಸಿಗುವುದು ಕಷ್ಟವಿತ್ತು, ಬ್ಯಾಂಕಿನ ಸಾಲವಂತೂ ದೂರದ ಮಾತು. ದೇವರ ಮನೆಯೂ ಅವರಿಗೆ ತೆರೆದಿರಲಿಲ್ಲ. 1955ರಲ್ಲಿ ಜಮೈಕಾದಿಂದ ಬಂದ ಹದಿಹರೆಯದ ಕಾರ್ಮೆಲ್ ಜೋನ್ಸ್ ಮೊದಲ ಸಲ ಇಲ್ಲಿನ ಚರ್ಚಿಗೆ ಹೋದಾಗ, ಪೂಜೆ ಮುಗಿದ ಮೇಲೆ ಪಾದ್ರಿ ಅವರಿಗೆ ಇನ್ನು ಬರಬೇಡಿ ಎಂದು ವಿನಯದಿಂದಲೇ ಹೇಳಿ ಕಳಿಸಿದರಂತೆ. ಬಿಳಿಯ ಭಕ್ತರಿಗೆ ಮುಜುಗರವಾಗುತ್ತದೆ ಎಂಬುದು ಕಾರಣ. ಇದನ್ನು ಮೊದಲು ಓದಿದ ದಿನ ನನಗೆ ನಮ್ಮೂರ ಗುಡಿಗಳ ಹೊರಗೆ ನಿಂತವರೂ ನೆನಪಾದರು.

ಹೀಗೆ ದೂರ ಇಟ್ಟವರು ತಮ್ಮದೇ ಸಭೆ ಕಟ್ಟಿಕೊಂಡರು. ಮುಂಗೋಣೆಯಲ್ಲಿ, ಬಾಡಿಗೆ ಸಭಾಂಗಣದಲ್ಲಿ ಕೂಡಿ ಹಾಡಿದರು, ದನಿಯೆತ್ತಿ ಪ್ರಾರ್ಥಿಸಿದರು. 1953ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಆಲಿವರ್ ಲೈಸೈಟ್ ಮತ್ತು ಸಂಗಡಿಗರು ಶುರುಮಾಡಿದ ನ್ಯೂ ಟೆಸ್ಟಮೆಂಟ್ ಚರ್ಚ್ ಆಫ್ ಗಾಡ್ ಇವತ್ತು ದೇಶದುದ್ದಕ್ಕೂ ಹಬ್ಬಿದೆ. ಕೆಲಸ, ಮನೆ, ಮಗುವಿನ ಶಾಲೆ ಯಾವುದರ ವಿಚಾರ ಬೇಕಿದ್ದರೂ ಜನ ಕೇಳುತ್ತಿದ್ದದ್ದು ಈ ಸಭೆಗಳಲ್ಲೇ. ಪಾರ್ಡ್ನರ್ ಪುಸ್ತಕಗಳೂ ಅಲ್ಲೇ ಕೈಯಿಂದ ಕೈಗೆ ಓಡಾಡಿದವು. ಅಜ್ಜಿಯ ಮನೆಯ ಮುಂಗಡ ಹಣ ಕೂಡಿದ್ದು ಹಾಗೆ.

ಆ ಕಾರ್ಮೆಲ್ ಜೋನ್ಸ್ ಮುಂದೆ ತಾವೇ ಪೆಂಟೆಕೋಸ್ಟಲ್, ಅಂದರೆ ಹೀಗೆ ದನಿಯೆತ್ತಿ ಹಾಡಿ ಪ್ರಾರ್ಥಿಸುವ ಕ್ರೈಸ್ತ ಪಂಗಡದ, ಪಾದ್ರಿಯಾದರು. 1980ರಲ್ಲಿ, ಇದೇ ಬಾಲಮ್‌ನಲ್ಲಿ, ಪೆಂಟೆಕೋಸ್ಟಲ್ ಕ್ರೆಡಿಟ್ ಯೂನಿಯನ್ ಕಟ್ಟಿದರು. ನಮ್ಮ ಮಾತಿನಲ್ಲಿ ಪತ್ತಿನ ಸಹಕಾರ ಸಂಘ. ಸದಸ್ಯರು ಉಳಿಸಿದ ಹಣವೇ ಸದಸ್ಯರಿಗೆ ಸಾಲ. ಬ್ಯಾಂಕುಗಳು ತಿರುಗಿ ನೋಡದ ಸಭೆಗಳಿಗೂ ಕಟ್ಟಡ ಕೊಳ್ಳಲು ನೆರವಾಗಿದೆ. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು ಸಂಘ ಕಟ್ಟಿದ ಕಥೆ ಕೇಳಿ ಬೆಳೆದವಳು ನಾನು. ಸಮುದ್ರದಾಚೆ ಅದೇ ಕಥೆ ಸಿಕ್ಕಿದಾಗ ಗಂಟಲು ಕಟ್ಟಿತು.

ಬಡ್ಡಿಯ ಕಾಟ ಇಲ್ಲೂ ಸಣ್ಣದಲ್ಲ. ಸಂಬಳದವರೆಗೆ ಎಂದು ಕೈಸಾಲ ಕೊಡುವ ಕಂಪನಿಗಳಿಗೆ 2015ರಲ್ಲಿ ಮಿತಿ ಹಾಕಿದ ಮೇಲೂ ದಿನಕ್ಕೆ ಶೇ. 0.8ರವರೆಗೆ ವಸೂಲಿ ಮಾಡಬಹುದು. ಕ್ರೆಡಿಟ್ ಯೂನಿಯನ್‌ಗಳು ತಿಂಗಳಿಗೆ ಶೇ. 3 ದಾಟುವಂತಿಲ್ಲ. ನಮ್ಮ ವಾರ್ಡಿನ ಸಹಾಯಕಿಯೊಬ್ಬಳು ಅಂಥ ಕೈಸಾಲಕ್ಕೆ ಸಿಕ್ಕಿ ಊಟ ಬಿಟ್ಟು ದುಡಿದದ್ದನ್ನು ಕಂಡಿದ್ದೇನೆ. ಹಾಗಾಗಿ ಈ ಎರಡು ಅಂಕಿಗಳು ನನಗೆ ಬರೀ ಅಂಕಿಗಳಲ್ಲ.

ರಾತ್ರಿ ಪಾಳಿಯವಳಾಗಿ ಇನ್ನೊಂದು ಮಾತು ಹೇಳಲೇಬೇಕು. ಶುಕ್ರವಾರ, ಶನಿವಾರದ ನಡುರಾತ್ರಿ ಪಬ್ಬುಗಳು ಮುಚ್ಚುವ ಹೊತ್ತಿಗೆ ನೀಲಿ ಜಾಕೆಟ್ಟಿನ ನಾಲ್ಕಾರು ಜನ ಬೀದಿಯಲ್ಲಿರುತ್ತಾರೆ, ‘ಸ್ಟ್ರೀಟ್ ಪಾಸ್ಟರ್’ ಎನ್ನುವ ಚರ್ಚುಗಳ ಸ್ವಯಂಸೇವಕರು. ಚಾಕು ಬಂದೂಕಿಗೆ ಹುಡುಗರು ಬಲಿಯಾಗುತ್ತಿದ್ದ ಕಾಲದಲ್ಲಿ, 2003ರ ಜನವರಿಯಲ್ಲಿ, ಲೆಸ್ ಐಸಾಕ್ ಎಂಬ ಪಾದ್ರಿ ಬ್ರಿಕ್ಸ್‌ಟನ್‌ನಲ್ಲಿ ಇದನ್ನು ಆರಂಭಿಸಿದರು. ಈಗ ಎಲ್ಲ ಪಂಗಡದವರೂ ಸೇರುತ್ತಾರೆ. ಚೀಲದಲ್ಲಿ ನೀರಿನ ಬಾಟಲಿ, ಕಂಬಳಿ ಇರುತ್ತದೆ, ಎತ್ತರದ ಹಿಮ್ಮಡಿಯ ಷೂ ಕಳಚಿ ಬರಿಗಾಲಲ್ಲಿ ನಡೆಯುವ ಹುಡುಗಿಯರಿಗೆ ಹವಾಯಿ ಚಪ್ಪಲಿಯೂ. ಗಾಜಿನ ಚೂರು ಹೊಕ್ಕ ಕಾಲುಗಳಿಗೆ ಹೊಲಿಗೆ ಹಾಕುವುದನ್ನು ನೋಡಿದ ನನಗೆ ಆ ಚಪ್ಪಲಿಯ ಬೆಲೆ ಗೊತ್ತು.

ಎಲ್ಲ ಸಭೆಗಳೂ ಹೀಗೇ ಎಂದು ಹೇಳಲಾರೆ. ಕಾಣಿಕೆ ಹಾಕಿದಷ್ಟು ದೇವರು ಸಿರಿ ಕೊಡುತ್ತಾನೆ ಎಂದು ಬಡವರ ಜೇಬಿಗೆ ಕೈ ಹಾಕುವ ಬೋಧಕರೂ ಇದ್ದಾರೆ, ಮಾತ್ರೆ ಬಿಟ್ಟು ಪ್ರಾರ್ಥನೆ ನೆಚ್ಚಿ ಹಾಸಿಗೆ ಹಿಡಿದವರನ್ನೂ ಉಪಚರಿಸಿದ್ದೇನೆ. ಈ ಮಾತೆತ್ತಿದರೆ ಅಜ್ಜಿ ನನಗಿಂತ ಹೆಚ್ಚು ಸಿಟ್ಟಾಗುತ್ತಾರೆ.

ಅಜ್ಜಿಯ ಹೊಸ ಪಾರ್ಡ್ನರ್ ಜನವರಿಗೆ ಶುರು. ನನ್ನ ಹೆಸರೂ ಬರೆದುಕೊಂಡಿದ್ದಾರೆ. ಮೊನ್ನೆ ಅವ್ವನಿಗೆ ಫೋನಿನಲ್ಲಿ ಹೇಳಿದೆ.

“ರೊಕ್ಕ ಯಾರ ಕೈಯಾಗ ಇರತೈತಿ?” ಅಂತ ಮೊದಲು ಕೇಳಿದಳು.

“ಬಾಜೂಮನಿ ಅಜ್ಜಿ ಕೈಯಾಗ. ನಲವತ್ತು ವರ್ಷದಿಂದ ಅವರೇ ನಡಸ್ಯಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಂಗಾರ ಹಾಕು,” ಅಂದಳು.