ಆಚಾರ್ಯರ ಪ್ರಶ್ನೆಗೆ ನಾನು ಹೇಳಿದ ‘ಹೌದು’

ಎಂಜಿನ್ ಬದಲಿಸುತ್ತಿದ್ದ ಒಂದು ಹಳೆಯ ಕಾರಿಗೆ ಶಾಫ್ಟ್ ಮಾಡಿಸಲು ಹೋಗಿದ್ದೆ. ಬೈಕಂಪಾಡಿಯ ತಮ್ಮ ಲೇತ್‌ನಲ್ಲಿ ಪೈಪನ್ನು ಯಂತ್ರದ ಹಿಡಿಗೆ ಕಟ್ಟುವ ಮೊದಲು ಆಚಾರ್ಯರು ಕೇಳಿದ್ದು ಇಷ್ಟೇ: “ಗಾಡಿ ನೆಲಕ್ಕಿಳಿಸಿ ಅಳೆದದ್ದಲ್ಲವೇ?” ನಾನು ಮೊಬೈಲ್ ನೋಡುತ್ತಿದ್ದೆ. “ಹೌದು” ಎಂದೆ.

ಅದು ಸುಳ್ಳೆಂದು ಆ ಹೊತ್ತಿಗೆ ನನಗೆ ಅನ್ನಿಸಿಯೇ ಇರಲಿಲ್ಲ. ಸುಳ್ಳು ಹೇಳಬೇಕಾದರೂ ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡಿರಬೇಕಲ್ಲ!

ಗಾಡಿ 1982ರ ಅಂಬಾಸಿಡರ್, ಮಾರ್ಕ್ ಫೋರ್. ಸುರತ್ಕಲ್‌ನ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರದ್ದು. ಅವರ ತಂದೆ ಹೊಸದಾಗಿ ಕೊಂಡದ್ದಂತೆ. ಈ ಮ್ಯಾನೇಜರರನ್ನು ಇಲ್ಲಿ ಶೆಟ್ಟರೆಂದಷ್ಟೇ ಕರೆಯುತ್ತೇನೆ. ಗಾಡಿಯ 1489 ಸಿಸಿ ಎಂಜಿನ್ ಮೂರು ಸಲ ಬೋರ್ ಆಗಿತ್ತು, ಅಂದರೆ ಸವೆದ ಸಿಲಿಂಡರುಗಳನ್ನು ಮೂರು ಸಲ ಕೊರೆದು ಅಗಲಿಸಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರು ಒಣಗಲು ಹಾಕಿದ ಬಟ್ಟೆಯನ್ನು ಒಳಗೆ ಒಯ್ಯುತ್ತಿದ್ದರು. ನಾಲ್ಕನೆಯ ಸಲ ಬೋರ್ ಮಾಡಲು ನನಗೆ ಮನಸ್ಸಿರಲಿಲ್ಲ, ಹೊಸ ಕಾರು ಕೊಳ್ಳಲು ಶೆಟ್ಟರಿಗೆ ಮನಸ್ಸಿರಲಿಲ್ಲ. “ಇಸುಜು ಎಂಜಿನ್ ಕೂರಿಸಿ ಮಾರಾಯರೇ, ಆಗುಂಬೆ ಘಾಟಿಯನ್ನು ಒಮ್ಮೆಯಾದರೂ ನಿಲ್ಲಿಸದೆ ಹತ್ತಬೇಕು” ಎಂದರು.

ಅಂಬಾಸಿಡರಿನ ಹೊಟ್ಟೆಗೆ ಬೇರೆ ಎಂಜಿನ್ ತುಂಬುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬಸ್ಸಿನಂತೆ ಜನರನ್ನು ತುಂಬಿಕೊಂಡು ಓಡುತ್ತಿದ್ದ ಸರ್ವಿಸ್ ಕಾರುಗಳ ಕಾಲದಲ್ಲಿ ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸುವುದು ಹಳೆಯ ಮೆಕ್ಯಾನಿಕ್‌ಗಳಿಗೆ ದಿನದ ಊಟದಂತಿತ್ತು. ಇಸುಜು ಅಂತೂ ಹೊರಗಿನದೇ ಅಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನವರೇ 1990ರ ದಶಕದ ಆರಂಭದಲ್ಲಿ 1817 ಸಿಸಿಯ ಆ ಪೆಟ್ರೋಲ್ ಎಂಜಿನನ್ನು ಐದು ಗೇರಿನ ಬಾಕ್ಸ್‌ನೊಡನೆ ಅಂಬಾಸಿಡರಿಗೆ ಹಾಕಿ ಮಾರಿದ್ದರು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಉತ್ಪಾದನೆ ನಿಂತ ಮೇಲೆ ಇಂಥ ಸಾಮಾನಿಗೆ ಗುಜರಿಯೇ ಗತಿ. ನನಗೆ ಎಂಜಿನ್ ಸಿಕ್ಕಿತು, ಗೇರ್ ಬಾಕ್ಸ್ ಸಿಕ್ಕಿತು. ಗೇರ್ ಬಾಕ್ಸಿನ ತಿರುಗನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದ ಪೈಪನ್ನು, ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು, ಮಾತ್ರ ಯಾರೋ ಆಗಲೇ ಕತ್ತರಿಸಿ ಒಯ್ದಿದ್ದರು. ಗೇರ್ ಬಾಕ್ಸ್‌ನ ಬಾಲದಲ್ಲಿ ಶಾಫ್ಟಿನ ಮುಂತುದಿಯ ಸ್ಲಿಪ್ ಯೋಕ್, ಬಾಕ್ಸಿನೊಳಗೆ ಹಿಂದೆ ಮುಂದೆ ಜಾರುವ ತುಂಡು, ಒಂದು ಅನಾಥವಾಗಿ ಉಳಿದಿತ್ತು. ಅದು ಸಿಕ್ಕಿ ಅದೃಷ್ಟ ಖುಲಾಯಿಸಿತು ಎಂದುಕೊಂಡಿದ್ದೆ.

ಕಾಗದದ ಕೆಲಸವನ್ನು ಶೆಟ್ಟರೇ ವಹಿಸಿಕೊಂಡರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ನನಗೆ ಓದಿ ಹೇಳಿ, ಆರ್‌ಟಿಒ ಅನುಮತಿ ಕೈಗೆ ಬರುವ ತನಕ ಸ್ಪ್ಯಾನರ್ ಮುಟ್ಟಬೇಡಿ ಎಂದರು. ಇನ್ನೊಂದು ಮಾತನ್ನು ನಾನೇ ಹೇಳಿದೆ: 50 ವರ್ಷ ತುಂಬಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಿಂದ ನಿಯಮವಿದೆ, ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು, ಎಂಜಿನ್ ಬದಲಾದರೆ ಆ ಆಸೆ ಬಿಡಬೇಕು. “ಇದಕ್ಕೆ 50 ತುಂಬುವುದು 2032ಕ್ಕೆ. ಆಗ ನನಗೆ 79. ನಾನು ಮೂಲರೂಪದಲ್ಲಿ ಇರುತ್ತೇನೆಯೇ?” ಎಂದು ಕೇಳಿದರು.

ಕೆಲಸ ಅವರ ಮನೆಯಲ್ಲೇ ಆಗಬೇಕೆಂಬುದು ಷರತ್ತು. ಗ್ಯಾರೇಜಿಗೆ ಬಿಟ್ಟರೆ ಒಳ್ಳೆಯ ಸಾಮಾನು ಕಳಚಿ ಬೇರೆ ಗಾಡಿಗೆ ಹಾಕುತ್ತಾರೆಂಬ ಅನುಮಾನ. ನನ್ನ ಎದುರಿಗೇ ಹಾಗೆಂದರು, ಚಹಾ ಕೊಡುತ್ತಾ. ಹಾಗಾಗಿ ಏಪ್ರಿಲ್‌ನ ಭಾನುವಾರಗಳೆಲ್ಲ ಅವರ ಅಂಗಳದಲ್ಲಿ ಕಳೆದವು. ಪೋರ್ಟಿಕೋದ ಬೀಮನ್ನು ನಂಬದೆ ಜಿಐ ಪೈಪಿನ ಕಾಲುಗಳನ್ನು ನಿಲ್ಲಿಸಿ, ಚೈನ್ ಬ್ಲಾಕ್ ಕಟ್ಟಿ, ಹಳೆಯ ಎಂಜಿನ್ ಎತ್ತಿದೆ. ಹೊಸದನ್ನು ಇಳಿಸುವ ದಿನ ಎಂಜಿನ್ ಅಡಿಯ ಎಣ್ಣೆ ತೊಟ್ಟಿ ಹೋಗಿ ಗಾಡಿಯ ಅಡ್ಡ ತೊಲೆಗೆ ಕೂತಿತು; ಮೌಂಟಿಂಗ್ ಬ್ರಾಕೆಟ್ಟನ್ನು ಎರಡು ಸಲ ಕತ್ತರಿಸಿ ಬೆಸೆದೆ. ಇದೆಲ್ಲ ಬೆವರಿನ ಕೆಲಸ, ತಲೆಯ ಕೆಲಸವಲ್ಲ. ಇದಕ್ಕಿಂತ ಕಷ್ಟವಾದದ್ದು ಶೆಟ್ಟರ ಹೆಂಡತಿಯನ್ನು ಒಪ್ಪಿಸುವುದು. ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರ್ ಹೋಗಿ ನೆಲದಿಂದ ಗೇರ್ ಲಿವರ್ ಎದ್ದು ಬಂದರೆ ಮುಂದಿನ ಉದ್ದ ಸೀಟಿನ ನಡುವೆ ಮೊಮ್ಮಗನನ್ನು ಎಲ್ಲಿ ಕೂರಿಸುವುದು? ಈ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಆ ಅಮ್ಮ ನನ್ನನ್ನು ಈಗಲೂ ಅದೇ ಪ್ರಶ್ನೆಯ ನೋಟದಿಂದ ನೋಡುತ್ತಾರೆ.

ಇನ್ನು ಅಳತೆಯ ವಿಷಯ. ಸಮುದ್ರದ ಗಾಳಿ ತಿಂದು ಗಾಡಿಯ ಅಡಿ ತೂತಾಗಿತ್ತು. ತಗಡು ಬೆಸೆಯಲು ಮತ್ತು ಗೇರ್ ಬಾಕ್ಸ್ ಸುರಂಗವನ್ನು ಅಗಲಿಸಲು ಜಾಗ ಬೇಕೆಂದು ಸ್ಟ್ಯಾಂಡುಗಳನ್ನು ಹಿಂದಿನ ಹೌಸಿಂಗಿನ, ಅಂದರೆ ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಕವಚದ, ಅಡಿಗೆ ಕೊಡದೆ ಬಾಡಿಯ ಅಡಿಗೆ ಕೊಟ್ಟಿದ್ದೆ. ಹೌಸಿಂಗ್ ಲೀಫ್ ಸ್ಪ್ರಿಂಗ್‌ಗಳಿಂದ ಕೆಳಗೆ ಜೋತುಬಿದ್ದಿತ್ತು. ಹಾಗೆ ಜೋತುಬಿದ್ದಾಗ ಗೇರ್ ಬಾಕ್ಸಿಗೂ ಶಾಫ್ಟಿನ ಹಿಂತುದಿ ಕೂಡುವ ಹೌಸಿಂಗಿನ ಪಿನಿಯನ್ ಫ್ಲ್ಯಾಂಜಿಗೂ ನಡುವಿನ ಓರೆ ಹೆಚ್ಚು, ಓರೆ ಹೆಚ್ಚಾದರೆ ದೂರ ಹೆಚ್ಚು. ಗಾಡಿ ಚಕ್ರದ ಮೇಲೆ ಕೂತಾಗ ಹೌಸಿಂಗ್ ಮೇಲೆ ಬರುತ್ತದೆ, ದೂರ ಕಡಿಮೆಯಾಗುತ್ತದೆ, ಯೋಕ್ ಬಾಕ್ಸಿನೊಳಗೆ ಸರಿಯುತ್ತದೆ. ಇದನ್ನು ನಾನು ಹುಡುಗರಿಗೆ ಕಲಿಸಿದ್ದೇನೆ. ಬೆಂಕಿಪೆಟ್ಟಿಗೆ ಮತ್ತು ಬೀಡಿ ಇಟ್ಟು ತೋರಿಸಿದ್ದೇನೆ. ಆದರೂ ಆ ಶನಿವಾರ ಸಂಜೆ ಅಂಗಾತ ಮಲಗಿ, ಟೇಪು ಹಿಡಿದು, ಯೋಕ್ ಒಳಗೆ ಸರಿಯಲು 25 ಮಿಲಿಮೀಟರ್ ಬಿಟ್ಟು, ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡು ಬೈಕಂಪಾಡಿಗೆ ಹೋದೆ.

ಅವಸರವಿತ್ತು. ಶೆಟ್ಟರ ಕುಟುಂಬದ ಮನೆಯಲ್ಲಿ ದೈವದ ಆರಾಧನೆಯಾದ ನೇಮ, ಪತ್ತನಾಜೆಗೆ ನಾಲ್ಕು ದಿನ ಮೊದಲು. ಆ ಕಾರಿನಲ್ಲೇ ಹೋಗಬೇಕೆಂಬುದು ಅವರ ಹಟ. ಪತ್ತನಾಜೆ ಕಳೆದರೆ ದೈವಗಳಿಗೂ ಯಕ್ಷಗಾನ ಮೇಳಗಳಿಗೂ ರಜೆ, ಮೇಲಿಂದ ಮಳೆ. ಅಂಗಳದ ಟಾರ್ಪಾಲಿನಡಿ ನಾನೊಬ್ಬನೇ ಉಳಿಯಬೇಕಾಗುತ್ತಿತ್ತು.

ಆ ‘ಹೌದು’ ಎಲ್ಲಿಂದ ಬಂತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸ್ವಂತ ಗ್ಯಾರೇಜಿಗೆ ಮೊದಲು ಹನ್ನೊಂದು ವರ್ಷ ಒಂದು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿದ್ದೆ. ಅಲ್ಲಿ ಪ್ರತಿ ಜಾಬ್ ಕಾರ್ಡಿಗೂ ಒಂದು ತಪಾಸಣಾ ಪಟ್ಟಿ. ಎಲ್ಲ ಚೌಕಗಳಲ್ಲೂ ಗುರುತು ಬೀಳದೆ ಕಂಪ್ಯೂಟರ್ ಬಿಲ್ಲು ಕೊಡದು. ಪಟ್ಟಿಯಲ್ಲಿರುವುದನ್ನೆಲ್ಲ ನಿಜವಾಗಿ ನೋಡುತ್ತಾ ಕೂತರೆ ಸಂಜೆ ಐದಕ್ಕೆ ಡೆಲಿವರಿಯಾಗದು. ಮ್ಯಾನೇಜರ್ ಗಾಜಿನ ಕೋಣೆಯಿಂದ ಗಡಿಯಾರ ತೋರಿಸುತ್ತಿದ್ದರು. ಸ್ಟೆಪ್ನಿಯ ಗಾಳಿ? ಹೌದು. ವೈಪರ್? ಹೌದು. ಡಿಕ್ಕಿಯನ್ನೇ ತೆರೆಯದೆ ಸ್ಟೆಪ್ನಿಗೆ ಗುರುತು ಹಾಕಿದ ಗಾಡಿಗಳು ನೂರಾರು ಇದ್ದಾವು. ಹೀಗೆ ಹೇಳಿ ಕಂಪೆನಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾನು ಅದನ್ನು ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಆಚಾರ್ಯರ ಲೇತ್‌ನಲ್ಲಿ ಗಾಜಿನ ಕೋಣೆಯೂ ಇಲ್ಲ, ಇರುವ ಗಡಿಯಾರ ನಿಂತು ಎಷ್ಟೋ ಕಾಲವಾಗಿದೆ.

ಶಾಫ್ಟ್ ಬಂತು, ಬ್ಯಾಲೆನ್ಸ್ ಸರಿಯಿತ್ತು. ಗಾಡಿ ನೆಲಕ್ಕಿಳಿಯಿತು. ಮೂರನೆಯ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಹಿಡಿಯಿತು. ನಾನೊಬ್ಬನೇ ಮುಕ್ಕದವರೆಗೆ ಓಡಿಸಿ ಬಂದೆ. ಬೆಣ್ಣೆಯಲ್ಲಿ ಚೂರಿ ಹೋದ ಹಾಗೆ. ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕೇ ಇರುವುದರಿಂದ ವೇಗ ಮಿತಿಯಲ್ಲಿರಲಿ ಎಂದು ಶೆಟ್ಟರಿಗೆ ಉಪದೇಶವನ್ನೂ ಮಾಡಿದೆ. ಖಾಲಿ ಗಾಡಿಯಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಓಡಿಸಿದರೆ ಏನೂ ತಿಳಿಯದು ಎನ್ನುವುದು ಉಪದೇಶದಲ್ಲಿ ಸೇರಲಿಲ್ಲ.

ನೇಮದ ದಿನ “ನೀವೂ ಬನ್ನಿ, ಊಟ ಮಾಡಿ ಬರುವ” ಎಂದು ಶೆಟ್ಟರು ಕರೆದರು. ಹೊಸ ಬಿಳಿ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಅವರ ಹೆಂಡತಿ, ಅಕ್ಕ, ಅಳಿಯ, ಅಳಿಯನ ತೊಡೆಯ ಮೇಲೆ ಮೊಮ್ಮಗ. ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ, ಒಂದು ಗೋಣಿ ತೆಂಗಿನಕಾಯಿ. ಅದನ್ನೆಲ್ಲ ತುಂಬುವಾಗ ನಾನೇ ಕೈಕೊಟ್ಟಿದ್ದೆ. ಮೂಟೆ ಬಿದ್ದಾಗ ಗಾಡಿಯ ಹಿಂಭಾಗ ಕುಸಿದದ್ದನ್ನೂ ಕಣ್ಣಾರೆ ನೋಡಿದ್ದೆ. ಆಗಲೂ ಹೊಳೆಯಲಿಲ್ಲ.

ಹೆಜಮಾಡಿ ಟೋಲ್ ಹತ್ತಿರ ಮೊದಲ ಸಲ ಕೇಳಿಸಿತು. ಸಣ್ಣದೊಂದು ಠಕ್. ಶೆಟ್ಟರು ನನ್ನತ್ತ ತಿರುಗಿದರು. “ಸೈಲೆನ್ಸರ್ ತಾಗುತ್ತಿರಬೇಕು” ಎಂದೆ. ಸಾಮಾನ್ಯವಾಗಿ ಸೈಲೆನ್ಸರೇ ತಾಗುವುದು. ನಾನೂ ಅದನ್ನು ನಂಬಿದ್ದೆ.

ಪಡುಬಿದ್ರಿಯಲ್ಲಿ ಕಾರ್ಕಳದ ದಾರಿಗೆ ತಿರುಗಿದ ಮೇಲೆ ನಂದಿಕೂರಿನ ಹತ್ತಿರ ಒಂದು ಹಂಪ್. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರ ಹತ್ತಿ ಇಳಿದಾಗ ಠಪ್ಪೆಂದು ಪಾದದಡಿಯೇ ಬಡಿದಂತಾಯಿತು, ಮತ್ತು ನನ್ನ ಕಣ್ಣೆದುರಿಗೇ ಗೇರ್ ಲಿವರ್ ಹೆಬ್ಬೆರಳಿನಷ್ಟು ಮುಂದಕ್ಕೆ ಹೋಗಿ ಹಿಂದೆ ಬಂತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಸೈಲೆನ್ಸರ್ ಗೇರ್ ಲಿವರನ್ನು ತಳ್ಳುವುದಿಲ್ಲ.

ಅಲ್ಲಿಂದ ಬೆಳ್ಮಣ್‌ವರೆಗೆ ನಾನು ಒಂದು ಮಾತನ್ನೂ ಆಡಲಿಲ್ಲ. ಒಳಗೆ ಲೆಕ್ಕ ನಡೆಯುತ್ತಿತ್ತು. ಯೋಕ್ ತುದಿ ಮುಟ್ಟುತ್ತಿದೆ. ಮುಟ್ಟಿ ಇಡೀ ಗೇರ್ ಬಾಕ್ಸನ್ನು ಮುಂದಕ್ಕೆ ನೂಕುತ್ತಿದೆ. 25 ಬಿಟ್ಟಿದ್ದೆನಲ್ಲ? ಎಲ್ಲಿ ಹೋಯಿತು 25? ಆಮೇಲೆ ಜೋತುಬಿದ್ದ ಹೌಸಿಂಗ್ ಕಣ್ಣಮುಂದೆ ಬಂತು, ಅದರ ಹಿಂದೆಯೇ ಆಚಾರ್ಯರ ಮುಖ. “ಗಾಡಿ ನೆಲಕ್ಕಿಳಿಸಿ ಅಳೆದದ್ದಲ್ಲವೇ?” ಹಿಂದಿನ ಸೀಟಿನಲ್ಲಿ ಅಕ್ಕನವರು ಹಳೆಯ ನೇಮದ ಕತೆ ಹೇಳುತ್ತಿದ್ದರು. ಪ್ರತಿ ಹಂಪ್ ಬಂದಾಗಲೂ ನಾನು ಸೀಟಿನಿಂದ ಸ್ವಲ್ಪ ಮೇಲೇಳುತ್ತಿದ್ದೆ, ನನ್ನ 58 ಕಿಲೋ ಇಳಿಸಿದರೆ ಶಾಫ್ಟಿಗೆ ಹಗುರವಾದೀತೆಂಬಂತೆ. ಇಷ್ಟು ವರ್ಷದ ಕಸುಬಿನವನು ಮಾಡುವ ಕೆಲಸವೇ ಅದು?

ಆಗಲೇ ನಿಲ್ಲಿಸಿ ಎನ್ನಬೇಕಿತ್ತು. ಹೇಳಲಿಲ್ಲ. ಇನ್ನು ಸ್ವಲ್ಪವೇ ದೂರ, ಹೇಗೋ ತಲುಪಿಬಿಟ್ಟರೆ ಎಲ್ಲರೂ ದೈವದ ಎದುರು ಕೈಮುಗಿಯುವಾಗ ಸದ್ದಿಲ್ಲದೆ ಅಡಿಗೆ ನುಗ್ಗಿ ನೋಡಬಹುದು ಎಂಬ ಲೆಕ್ಕಾಚಾರ. ಅಳತೆ ತಪ್ಪಿದ್ದು ಒಂದು. ಗೊತ್ತಾದ ಮೇಲೂ ಮಕ್ಕಳು ಮುದುಕರು ಇರುವ ಗಾಡಿಯನ್ನು ಓಡಲು ಬಿಟ್ಟದ್ದು ಇನ್ನೊಂದು. ನನಗೆ ಈಗಲೂ ಚುಚ್ಚುವುದು ಎರಡನೆಯದು.

ಬೆಳ್ಮಣ್ ಪೇಟೆ ಹತ್ತಿರವಾದಾಗ ವಾಸನೆ ಬಂತು. ಬಿಸಿ ಪೈಪಿನ ಮೇಲೆ ಗೇರ್ ಆಯಿಲ್ ಬಿದ್ದರೆ ಬರುವ ವಾಸನೆಯನ್ನು ಬೇರೆ ಯಾವುದಕ್ಕೂ ಹೋಲಿಸಲಾಗದು. ಮೊಮ್ಮಗ ಮೂಗು ಮುಚ್ಚಿಕೊಂಡ. “ನಿಲ್ಲಿಸಿ” ಎಂದೆ ಕೊನೆಗೂ.

ಪಂಚೆಯಲ್ಲೇ ಗಾಡಿಯಡಿಗೆ ಹೋದೆ. ಗೇರ್ ಬಾಕ್ಸ್ ಬಾಲದಲ್ಲಿ ಎಣ್ಣೆ ತಡೆಯುವ ಸೀಲ್ ಹರಿದು ಎಣ್ಣೆ ಒಸರುತ್ತಿತ್ತು; ಗೇರ್ ಬಾಕ್ಸ್ ಮೌಂಟಿಂಗಿನ ರಬ್ಬರ್ ಸೀಳಿತ್ತು. ಯೋಕ್ ಕತ್ತಿನವರೆಗೆ ಒಳಗೆ ಹೂತುಹೋಗಿತ್ತು. ಹೊರಗೆ ಬಂದು ಶೆಟ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸೈಲೆನ್ಸರಿನ ಸುಳ್ಳನ್ನೂ ಸೇರಿಸಿ. ಅವರು ಬೈಯಲಿಲ್ಲ. ನನ್ನ ಪಂಚೆಯನ್ನು ಮೇಲಿನಿಂದ ಕೆಳಗೆ ನೋಡಿ, “ಎಷ್ಟು ಮಿಲಿಮೀಟರ್?” ಎಂದು ಕೇಳಿದರು. ಬ್ಯಾಂಕಿನವರು ವ್ಯತ್ಯಾಸ ಎಷ್ಟೆಂದು ಮೊದಲು ಕೇಳುತ್ತಾರೆ.

ಕಾರ್ಕಳದ ಬಸ್ಸು ಬಂತು. ಅಕ್ಕಿ, ತೆಂಗಿನಕಾಯಿ, ಮೊಮ್ಮಗ, ಎಲ್ಲವನ್ನೂ ಕಂಡಕ್ಟರ್ ಗೊಣಗುತ್ತಾ ಒಳಗೆ ತುಂಬಿಸಿಕೊಂಡ. ಅಲ್ಲೇ ಒಂದು ಅಂಗಡಿಯಲ್ಲಿ ಗೇರ್ ಆಯಿಲ್ ಕೊಂಡು ತುಂಬಿಸಿ, ಖಾಲಿ ಗಾಡಿಯನ್ನು ನಡೆದಷ್ಟೇ ನಿಧಾನವಾಗಿ ಸುರತ್ಕಲ್‌ಗೆ ತಂದೆ. ನೆಲದ ಮೇಲೆ ನಿಂತ ಗಾಡಿಯಲ್ಲಿ ಯೋಕ್ ಸರಿಯಲು ಉಳಿದಿದ್ದದ್ದು 9 ಮಿಲಿಮೀಟರ್. ಐದು ಜನ ದೊಡ್ಡವರು, ಒಂದು ಮಗು, ಮೂರು ಮೂಟೆ, ಒಂದು ಹಂಪ್. ಅದಕ್ಕೆ ಒಂಬತ್ತು ಯಾವ ಮೂಲೆಗೆ?

ಮರುದಿನ ಶಾಫ್ಟ್ ಹೊತ್ತು ಬೈಕಂಪಾಡಿಗೆ ಹೋದೆ. 16 ಮಿಲಿಮೀಟರ್ ಕಡಿಮೆ ಮಾಡಬೇಕು ಎಂದೆ. ಆಚಾರ್ಯರು ಏಕೆಂದು ಕೇಳಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡು, “ಗಾಡಿ ನೆಲಕ್ಕಿಳಿಸಿ ಅಳೆದದ್ದಲ್ಲವೇ?” ಎಂದರು. ಅದೇ ಧ್ವನಿ, ಅದೇ ಮಾತು. ಇಳಿಸಿದ್ದೇನೆ, ಡಿಕ್ಕಿಗೆ ನಾಲ್ಕು ಚೀಲ ಸಿಮೆಂಟ್ ಹಾಕಿ ಇನ್ನೊಮ್ಮೆ ಅಳೆದಿದ್ದೇನೆ ಎಂದೆಲ್ಲ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಸೀಮೆಸುಣ್ಣವನ್ನು ಕೆಳಗಿಟ್ಟರು. ಸ್ಕೂಟರ್ ಹತ್ತಿ ನನ್ನ ಹಿಂದೆಯೇ ಶೆಟ್ಟರ ಅಂಗಳಕ್ಕೆ ಬಂದು, ಗೋಣಿ ಹಾಸಿ ಮಲಗಿ, ತಾವೇ ಅಳೆದರು. ಅವರ ಲೆಕ್ಕ 18 ಬಂತು. 18 ಎಂದೇ ಬರೆದುಕೊಂಡೆ.

ಸೀಲು, ಮೌಂಟಿಂಗು, ಎರಡನೆಯ ಸಲದ ಲೇತ್ ಕೂಲಿ, ಬ್ಯಾಲೆನ್ಸಿಂಗ್ ಎಲ್ಲ ನನ್ನ ಕೈಯಿಂದ. ಉಳಿದ ಬಾಬ್ತಿಗೆ ಶೆಟ್ಟರು ಚೆಕ್ ಬರೆದರು. ಮೊತ್ತ ಸ್ವಲ್ಪ ಕಡಿಮೆ ಕಂಡಿತು. ಕೇಳುವ ಮೊದಲೇ ನನ್ನ ಬಿಲ್ಲನ್ನು ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: ‘ಕಳೆಯುವುದು — ಬೆಳ್ಮಣ್‌ನಿಂದ ಕಾರ್ಕಳಕ್ಕೆ ಬಸ್ ಟಿಕೆಟ್, ಪೂರ್ತಿ 4, ಅರ್ಧ 1.’ ಅದರಡಿಯಲ್ಲಿ ಅವರ ಸಹಿ, ಪಕ್ಕದಲ್ಲಿ ನನ್ನ ಸಹಿಗೆ ಜಾಗ.