ಗಂಧದ ಪಕ್ಕದ ತೊಗರಿ

ಭಾನುವಾರ ಪಾಂಡವಪುರದ ಹತ್ತಿರ ಮಾವನ ಹೊಲಕ್ಕೆ ಹೋಗಿದ್ದೆ. ಕಬ್ಬಿನ ಗದ್ದೆ ದಾಟಿದ ಮೇಲೆ ಸಾಲಾಗಿ ಶ್ರೀಗಂಧದ ಸಸಿಗಳು, ಮಧ್ಯೆ ಮಧ್ಯೆ ತೊಗರಿ, ಹೊಂಗೆ. "ಇದೇನ್ ಮಾವ, ಕಲಸುಮೇಲೋಗರ?" ಅಂದೆ.

"ಗಂಧ ಒಂಟಿಯಾಗಿ ಬೆಳೆಯಕ್ಕಿಲ್ಲ ಕಣವ್ವ, ಪಕ್ಕದ್ ಗಿಡದ ಬೇರಿಗೆ ಬಾಯಿ ಹಾಕಿ ಹೀರ್ತದೆ" ಅಂದ್ರು.

ಚೇಗು, ಅಂದ್ರೆ ಮರದ ನಡುವಿನ ಘಮಘಮಿಸೋ ಗಟ್ಟಿ ತಿರುಳು, ಕೂತು ಎಣ್ಣೆ ಸಿಗೋಕೆ ಕಮ್ಮಿ ಅಂದ್ರೂ 15 ವರ್ಷ ಬೇಕಂತೆ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗೋವರೆಗೆ ನಮ್ಮ ಜಮೀನಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ತಾತ ಸಸಿ ಕಂಡ್ರೆ ಕಿತ್ತು ಬಿಸಾಕ್ತಿದ್ರಂತೆ, ಕಾಯೋ ತಾಪತ್ರಯ ಯಾರಿಗೆ ಬೇಕು!

ಮೈಸೂರಿಗೆ ವಾಪಸ್ ಬರುವಾಗ ಬಸ್ಸಲ್ಲಿ ಬ್ಯಾಗಿನ ಕ್ರೀಮ್ ಡಬ್ಬಿ ತಿರುಗಿಸಿ ನೋಡಿದೆ. ಗಂಧದ ಕೊರಡಿನ ಚಿತ್ರ ಇಷ್ಟು ದಪ್ಪ. ಆ ಗಂಧ ಎಲ್ಲಿಂದ ಬಂತು ಅನ್ನೋದಕ್ಕೆ ಒಂದಕ್ಷರ ಇಲ್ಲ. ಕ್ರೀಮ್ ಕಂಪನಿಯವರು ಲೇಬಲ್ಲಿಗೆ ಹಸಿರು ಬಳಿಯೋ ಬದಲು ಇಂಥ ಹೊಲಗಳ ಜೊತೆ ಈಗಲೇ ಖರೀದಿ ಒಪ್ಪಂದ ಮಾಡಿಕೊಂಡು, ಕಾಯೋ ವರ್ಷಗಳಿಗೆ ಒಂದಿಷ್ಟು ಮುಂಗಡ ಕೊಡಬಾರದಾ? ಹಂಗಾದ್ರೆ ಕಾಡಿನ ಮರಕ್ಕೆ ಗರಗಸ ಬೀಳೋದಾದ್ರೂ ಕಮ್ಮಿಯಾಗುತ್ತೆ. ಹಣ್ಣು ತಿಂದ ಹಕ್ಕಿಗಳು ಬೀಜ ಬಿತ್ತೋ ಕೆಲಸ ಪುಕ್ಕಟೆ ಮಾಡ್ತವೆ, ಅವಕ್ಕೆ ಮುಂಗಡವೂ ಬೇಡ.

ಮಾವ ಕೊಟ್ಟ ಹಸಿ ತೊಗರಿಕಾಯಿ ಬೇಯಕ್ಕಿಟ್ಟಿದೀನಿ. ಉಪ್ಪು ಹಾಕಿದ್ನೋ ಇಲ್ವೋ ನೆನಪಾಗ್ತಿಲ್ಲ.