ಹಳೆ ಗೋವಾಕ್ಕೆ ಹೋದರೆ ಗುಡ್ಡವನ್ನೂ ಹತ್ತಿ ಬನ್ನಿ

ಹಳೆ ಗೋವಾಕ್ಕೆ ಹೋದವರಲ್ಲಿ ಹೆಚ್ಚಿನವರು ಬೊಮ್ ಜೀಸಸ್ ಬೆಸಿಲಿಕಾ, ಎದುರಿನ ಸೆ ಕೆಥೆಡ್ರಲ್ ನೋಡಿ ಒಂದು ಗಂಟೆಯಲ್ಲಿ ವಾಪಸ್ ಬರುತ್ತಾರೆ. ಮೊದಲ ಸಲ ನಾವೂ ಹಾಗೇ ಮಾಡಿದ್ದೆವು. ಟ್ಯಾಕ್ಸಿಯವರು "ಇಲ್ಲಿ ಇಷ್ಟೇ ಇರೋದು" ಅಂದರು, ನಂಬಿದೆವು. ಈ ಸಲ ಜನವರಿಯಲ್ಲಿ ಅಮ್ಮನ ಜೊತೆ ಹೋದಾಗ, ಬಿದ್ದುಹೋದ ಇಗರ್ಜಿಗಳಿಗೆ (ಚರ್ಚುಗಳಿಗೆ) ಅಂತಲೇ ಇಡೀ ಬೆಳಗ್ಗೆ ಇಟ್ಟುಕೊಂಡೆವು. ನೀವು ಹೋಗುವುದಿದ್ದರೆ ಹಾಗೇ ಮಾಡಿ.

ನಾವು ಮಂಗಳೂರಿನ ಕಥೋಲಿಕರು. ನಮ್ಮ ಹಿರಿಯರು ಗೋವಾದಿಂದ ಇಳಿದು ಬಂದವರು ಅಂತ ಮನೆಯಲ್ಲಿ ಕೇಳುತ್ತಲೇ ಬೆಳೆದದ್ದು. ಹಾಗಾಗಿ ಈ ಕಲ್ಲುಗಳು ನಮಗೆ ಸುಮ್ನೆ ಕಲ್ಲುಗಳಲ್ಲ.

ಮಡಗಾಂವಿನಿಂದ ರೈಲಿನಲ್ಲಿ ಕರ್ಮಳಿ ಸ್ಟೇಷನ್‌ನಲ್ಲಿ ಇಳಿದರೆ ಹಳೆ ಗೋವಾ ಹತ್ತಿರ, ಆಟೊ ಸಾಕು. ಪಣಜಿಯಲ್ಲಿ ಉಳಿದುಕೊಂಡವರು ಕದಂಬ ಬಸ್ ನಿಲ್ದಾಣದಿಂದ ಬಸ್ ಹಿಡಿಯಬಹುದು. ಸುಮಾರು 10 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಬೆಳಗ್ಗೆ ಬೇಗ ಹೊರಡಿ. ಹನ್ನೊಂದರ ಮೇಲೆ ಗುಡ್ಡದ ಮೇಲೆ ನೆರಳೇ ಸಿಗುವುದಿಲ್ಲ.

ಬೆಸಿಲಿಕಾವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಪಶ್ಚಿಮಕ್ಕೆ ಏರುವ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಂತ ಅಗಸ್ಟಿನ್ ಗೋಪುರ. ಸುಮಾರು 46 ಮೀಟರ್ ಎತ್ತರ, ಕೆಂಪು ಮುರಕಲ್ಲಿನದು. ನಮ್ಮೂರಲ್ಲಿ ಮನೆ ಕಟ್ಟುವ ಅದೇ ಕಲ್ಲು. ಅಮ್ಮ ಗೋಡೆ ಮುಟ್ಟಿ ನೋಡಿ "ನಮ್ಮ ಹಿತ್ತಲಿನ ಬಾವಿಕಟ್ಟೆ ಹಾಗೇ ಇದೆ ಅಲ್ವಾ" ಅಂದರು.

ಅಗಸ್ಟಿನ್ ಸಭೆಯ ಸನ್ಯಾಸಿಗಳು ಗೋವಾಕ್ಕೆ ಬಂದದ್ದು 1572ರಲ್ಲಿ. ಈ ಗೋಪುರವಿದ್ದ ಅವರ ಇಗರ್ಜಿ 1602ರ ಹೊತ್ತಿಗೆ ಎದ್ದು ನಿಂತಿತು. ನಾಲ್ಕು ಗೋಪುರಗಳಿದ್ದವು, ಈಗ ಉಳಿದಿರುವುದು ಒಂದರ ಒಂದು ಭಾಗ ಮಾತ್ರ. ಇದನ್ನು ಯಾವ ಶತ್ರುವೂ ಕೆಡವಲಿಲ್ಲ. 1834ರಲ್ಲಿ ಪೋರ್ಚುಗಲ್ ಸರ್ಕಾರವೇ ಸನ್ಯಾಸಿ ಸಭೆಗಳನ್ನು ರದ್ದು ಮಾಡಿತು. ಮಠ ಬರಿದಾಯಿತು, ನೋಡಿಕೊಳ್ಳುವವರಿಲ್ಲ. 1842ರಲ್ಲಿ ಒಳಗಿನ ಕಮಾನು ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗದ ಜೊತೆ ಗೋಪುರದ ಅರ್ಧವೂ ಬಿತ್ತು. ಮುರಕಲ್ಲಿನ ಗುಣ ಕರಾವಳಿಯವರಿಗೆ ಗೊತ್ತು. ಮೇಲೆ ಮಾಡು, ಮೈಮೇಲೆ ಸುಣ್ಣದ ಗಾರೆ ಇರುವ ತನಕ ಗಟ್ಟಿ. ಅವೆರಡೂ ಹೋದರೆ ಮಳೆ ಅದನ್ನು ತಿಂದುಬಿಡುತ್ತದೆ.

ಗೋಪುರದ ಫೋಟೊ ತೆಗೆದು ತಿರುಗಬೇಡಿ, ಒಳಗೆ ನಡೆಯಿರಿ. ಆಕಾಶವೇ ಚಾವಣಿ ಆಗಿರುವ ಆ ಉದ್ದನೆಯ ನೆಲದಲ್ಲಿ ಅಕ್ಷರ ಕೆತ್ತಿದ ಸಮಾಧಿ ಕಲ್ಲುಗಳಿವೆ. ಪಕ್ಕದ ಪ್ರಾರ್ಥನಾಲಯಗಳ ಗೋಡೆಯಲ್ಲಿ ಅಲ್ಲಲ್ಲಿ ಬಣ್ಣದ ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡಿವೆ. ದಯವಿಟ್ಟು ಸಮಾಧಿ ಕಲ್ಲುಗಳನ್ನು ತುಳಿಯದೆ ಸುತ್ತಿಕೊಂಡು ನಡೆಯಿರಿ, ಮಕ್ಕಳಿಗೂ ಹೇಳಿ. ನೆಲ ಏರುಪೇರು. ಚಪ್ಪಲಿಗಿಂತ ಶೂ ವಾಸಿ.

ಇಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಜಾರ್ಜಿಯಾದ ರಾಣಿ ಕೆಟೆವಾನ್ ಕಥೆ. ಧರ್ಮ ಬಿಡಲು ಒಪ್ಪದ ಆಕೆಯನ್ನು 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಅಗಸ್ಟಿನ್ ಸನ್ಯಾಸಿಗಳು ಆಕೆಯ ಅವಶೇಷದ ಒಂದು ಭಾಗವನ್ನು ಗೋವಾಕ್ಕೆ ತಂದು, ಈ ಮಠದೊಳಗಿನ ಸಣ್ಣ ಪ್ರಾರ್ಥನಾಲಯದ ಕಿಟಕಿಯ ಬಳಿ ಇಟ್ಟರು. ಮಠ ಬಿದ್ದಾಗ ಅದೂ ಮಣ್ಣಿನಡಿ ಸೇರಿತು. ಪೋರ್ಚುಗೀಸ್ ದಾಖಲೆಗಳ ಜಾಡು ಹಿಡಿದು ಪುರಾತತ್ವ ಇಲಾಖೆಯವರು ಅಗೆದಾಗ, 2004–05ರ ಸುಮಾರಿಗೆ ಮೂಳೆ ಸಿಕ್ಕಿತು. ಹೈದರಾಬಾದಿನ ವಿಜ್ಞಾನಿಗಳು ಡಿಎನ್ಎ ಪರೀಕ್ಷೆ ಮಾಡಿದರು. ಅದರ ಒಂದು ಭಾಗವನ್ನು 2021ರಲ್ಲಿ ಭಾರತ ಜಾರ್ಜಿಯಾಕ್ಕೆ ಒಪ್ಪಿಸಿತು. ಅಮ್ಮನಿಗೆ ಇದನ್ನು ಹೇಳಿದೆ. ಅವರು ಶಿಲುಬೆಯ ಗುರುತು ಹಾಕಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತರು.

ಪಕ್ಕದಲ್ಲೇ ಸಂತ ಮೋನಿಕಾ ಮಠವಿದೆ. 1606ರಲ್ಲಿ ಶುರುವಾದ ಸನ್ಯಾಸಿನಿಯರ ಮಠ. ಹೊಸಬರನ್ನು ಸೇರಿಸಬಾರದು ಎಂದಾದ ಮೇಲೆ ಇದ್ದವರೇ ಒಬ್ಬೊಬ್ಬರಾಗಿ ತೀರಿಕೊಂಡರು. ಕೊನೆಯವರು ಹೋದದ್ದು 1885ರಲ್ಲಿ. ಈಗ ಅಲ್ಲಿ ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ಮುರಿದ ಗೋಡೆ ನೋಡಿ ಬಂದ ಮೇಲೆ ಅಲ್ಲಿನ ದಂತ, ಬೆಳ್ಳಿ, ಮರದ ಕೆಲಸ ನೋಡಿದರೆ ಆ ಇಗರ್ಜಿಗಳ ಒಳಗೆ ಏನೇನಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಕೆಳಗಿಳಿದು ಬೆಸಿಲಿಕಾದ ಪೂರ್ವಕ್ಕೆ ಹೋಗಿ. ಸಂತ ಪಾವ್ಲ ಕಾಲೇಜಿನ ಬಾಗಿಲು ರಸ್ತೆ ಬದಿಯಲ್ಲಿ ಒಂಟಿಯಾಗಿ ನಿಂತಿದೆ. ಹಿಂದೆ ಏನೂ ಇಲ್ಲ. ಸಂತ ಫ್ರಾನ್ಸಿಸ್ ಝೇವಿಯರ್ ಇದ್ದ ಜಾಗ ಇದು. 1556ರಲ್ಲಿ ಭಾರತದ ಮೊದಲ ಮುದ್ರಣ ಯಂತ್ರ ಕೆಲಸ ಶುರು ಮಾಡಿದ್ದೂ ಇಲ್ಲೇ. ನೋಡಲು ಐದು ನಿಮಿಷ ಸಾಕು, ಆದರೆ ಬಿಡಬೇಡಿ.

ಸೆ ಕೆಥೆಡ್ರಲ್ ಬಳಿ ಇನ್ನೊಂದು ಕಟ್ಟಡ ಇತ್ತು, ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಅರಮನೆ. 1560ರಿಂದ 1812ರ ತನಕ, ನಡುವೆ ಕೆಲವೇ ವರ್ಷ ಬಿಟ್ಟು, ಕಥೋಲಿಕ ನಂಬಿಕೆಯಿಂದ ತಪ್ಪಿ ನಡೆದರು ಅಂತ ಜನರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಆ ನ್ಯಾಯಮಂಡಳಿ ನಡೆಯಿತು. ಕಟ್ಟಡ ಈಗ ಇಲ್ಲ. ಕಾಟ ತಾಳದೆ ದಕ್ಷಿಣಕ್ಕೆ ಓಡಿದವರಲ್ಲಿ ನಮ್ಮಂಥವರ ಹಿರಿಯರೂ ಇದ್ದರು. ಗುಡ್ಡದ ಮೇಲೆ ಬಂದ ಕಣ್ಣೀರು ಇಲ್ಲಿ ನನಗೆ ಬರಲಿಲ್ಲ. ಎರಡೂ ನಮ್ಮದೇ ಚರಿತ್ರೆ, ಮಕ್ಕಳಿಗೆ ಎರಡನ್ನೂ ಹೇಳಬೇಕು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬದ ಆಸುಪಾಸು ಜನವೋ ಜನ, ಆಗ ಗುಡ್ಡ ನೋಡುವ ಯೋಜನೆ ಬೇಡ. ಮಳೆಗಾಲದಲ್ಲಿ ಹಸಿರು ಚೆಂದ, ಕಲ್ಲು ಮಾತ್ರ ಪಾಚಿಗಟ್ಟಿ ಜಾರುತ್ತದೆ. ನೀರು, ಟೋಪಿ ಇರಲಿ. ಇಗರ್ಜಿಯ ಒಳಗೆ ಹೋಗಲು ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಸಂಜೆ ಪಣಜಿಗೆ ಮರಳಿದರೆ ಮೆಟ್ಟಿಲುಗಳ ಮೇಲಿನ ಬಿಳಿ ಇಗರ್ಜಿಗೆ ಹೋಗಿ. ಅಗಸ್ಟಿನ್ ಗೋಪುರದ ದೊಡ್ಡ ಗಂಟೆಯನ್ನು 1871ರಲ್ಲಿ ತಂದು ಕಟ್ಟಿದ್ದು ಅಲ್ಲೇ. ನಾವು ಮೆಟ್ಟಿಲ ಮೇಲೆ ಕೂತು, ಅದು ಬಾರಿಸುವ ತನಕ ಕಾದೆವು.